ಹುಳದ ರೂಮಿನ ಗಾಬರಿಗಳು

ನಮ್ಮ ಕಾಲೇಜಿನ ಹುಳದ ರೂಮಲ್ಲಿ ಒಂದು ವಾರ ಏನೂ ಎಡವಟ್ಟಾಗ್ಲಿಲ್ಲ ಅಂದ್ರೆ ನಂಗೆ ಎದೆ ಡವಡವ ಅನ್ನಕ್ಕೆ ಶುರುವಾಗುತ್ತೆ. ಯಾಕಂದ್ರೆ ಮುಂದಿನ ವಾರ ಎರಡೂ ವಾರದ್ದು ಸೇರಿಸಿ ಒಟ್ಟಿಗೇ ಆಗುತ್ತೆ. ನಾನೇನು ಕಟ್ಟಿ ಹೇಳ್ತಿಲ್ಲ, ಕೇಳಿದ್ರೆ ನೀವೇ "ಹೌದೇನೇ!" ಅಂತ ಬಾಯಿ ಮೇಲೆ ಕೈ ಇಟ್ಕಂತೀರ.

ಮೊದ್ಲು ಯಾರ್ಯಾರು ಅಂತ ಹೇಳ್ಬುಡ್ತೀನಿ, ಆಮೇಲೆ ಗಲಿಬಿಲಿ ಬೇಡ. ನಾನು ಮಧುಗಿರಿಯೋಳೇ, ಬೆಟ್ಟದ ಬುಡದಲ್ಲೇ ನಮ್ಮನೆ. ಬಿ.ಎಸ್ಸಿ. ಮುಗೀತಿದ್ದಂಗೇ ಓದಿದ ಕಾಲೇಜಲ್ಲೇ ಪ್ರಾಣಿಶಾಸ್ತ್ರದ ಲ್ಯಾಬಿಗೆ ಕೆಲ್ಸಕ್ಕೆ ಸೇರ್ಕಂಡೆ. ನನ್ನ ಮೇಲೆ ನಮ್ಮ ಮೇಡಮ್ಮು. ಅವ್ರಿಗೆ ಸೀರೆ, ಸಿನಿಮಾ, ಒಡವೆ ಯಾವುದ್ರ ಯೋಚ್ನೇನೂ ಇಲ್ಲ. ಇರೋದು ಒಂದೇ ಯೋಚ್ನೆ: ಹುಳದ ಮೈಯೊಳಗೆ ಬೆಳೆಯೋ ರೆಕ್ಕೆಗೆ "ಸಾಕು, ನಿಲ್ಲು" ಅಂತ ಹೇಳೋರು ಯಾರು?

"ನೋಡೇ," ಅಂತ ನಾನು ಸೇರಿದ ದಿನವೇ ಕೂರಿಸ್ಕಂಡು ಹೇಳಿದ್ರು, "ಯಾವ ದರ್ಜಿನೂ ಟೇಪ್ ಹಿಡ್ಕಂಡು ಹುಳದೊಳಗೆ ಕೂತಿಲ್ಲ. ಆದ್ರೂ ಎಡಗಡೆ ರೆಕ್ಕೆ, ಬಲಗಡೆ ರೆಕ್ಕೆ ಒಂದೇ ಅಳತೆ. ಹೆಂಗೆ? ರೆಕ್ಕೆ ಅಂದ್ರೆ ರಾಶಿ ರಾಶಿ ಸಣ್ಣ ಕೋಶ, ಒಂದಕ್ಕೊಂದು ಅಂಟ್ಕಂಡಿರ್ತವೆ. ಒಂದು ಬೆಳೆದ್ರೆ ಪಕ್ಕದ್ದನ್ನ ತಳ್ಳುತ್ತೆ, ಇನ್ನೊಂದನ್ನ ಎಳೆಯುತ್ತೆ. ಎಳೆತ ಇದ್ದ ಕಡೆ ಕೋಶ ಒಡೆದು ಎರಡಾಗುತ್ತೆ. ಒತ್ತು ಜಾಸ್ತಿಯಾದ ಕಡೆ ಸುಮ್ನಾಗುತ್ತೆ. ನನ್ನ ಅಂದಾಜು ಇಷ್ಟೇ. ಅಂದ್ಮೇಲೆ ಹೊರಗಿಂದ ನಾವೇ ಒತ್ತಿ ಹಿಡಿದ್ರೆ ರೆಕ್ಕೆ ಚಿಕ್ಕದಾಗ್ಬೇಕು."

"ಮಿಕ್ಕೋರೆಲ್ಲ ಇದಕ್ಕೆ ಏನಂತಾರೆ ಮೇಡಂ?"

"ನಗ್ತಾರೆ."

ಮೂರನೆಯೋರು ನಮ್ಮ ಆಯಮ್ಮ, ಪುರವರದ ಕಡೆಯೋರು. ಕಸ ಗುಡಿಸೋದು, ನೀರು ತರೋದು ಕಾಲೇಜಿನ ಕೆಲ್ಸ. ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕೋದು ಮಾತ್ರ ಅವರ ಸ್ವಂತ ಸಂತೋಷ. ಮಕ್ಕಳನ್ನ ಸಾಕಿ, ಮೊಮ್ಮಕ್ಕಳನ್ನ ಸಾಕಿ, ಅದೂ ಸಾಲ್ದೆ ನಮ್ಮ ಹುಳಗಳನ್ನೂ "ಕೂಸುಗೋಳು" ಅಂತಾರೆ. ಅವು ಸರಿಯಾಗಿ ತಿನ್ನಲಿಲ್ಲ ಅಂದ್ರೆ ಅವತ್ತು ಆಯಮ್ಮನ ಗಂಟಲಲ್ಲೂ ಮುದ್ದೆ ಇಳಿಯಲ್ಲ.

ನಾಲ್ಕನೆಯೋರು ಪ್ರಿನ್ಸಿಪಾಲ್ರು, ಇತಿಹಾಸದ ಮೇಷ್ಟ್ರು. ಮುಂದಕ್ಕೆ ದೊಡ್ಡ ಹೊಟ್ಟೆ, ಅದ್ರ ಸುತ್ತ ಕೊನೇ ತೂತಿಗೆ ಸಿಕ್ಕಿಸಿದ ಚರ್ಮದ ಬೆಲ್ಟು. ಅವರು ಉಸಿರೆಳೆದಾಗ್ಲೆಲ್ಲ ಅದು ಕಿರ್ರ್ ಅನ್ನುತ್ತೆ. ಹಂಗಾಗಿ ಅವರು ವರಾಂಡದಲ್ಲಿ ಬರ್ತಿರೋದು ನಮಗೆ ಒಳಗಿಂದ್ಲೇ ಗೊತ್ತಾಗುತ್ತೆ. ಅವ್ರಿಗೆ ನಮ್ಮ ರೂಮು ಬೇಕು, ವಾಲಿಬಾಲ್ ನೆಟ್ಟು, ಕಂಬ, ಈಟಿ ಇಡಕ್ಕೆ. "ವರ್ಷದ ಕೊನೇಲಿ ಬೆಂಗ್ಳೂರಿಂದ ದೊಡ್ಡ ಪ್ರೊಫೆಸರ್ರು ಬರ್ತಾರೆ. ನಿಮ್ಮ ಕೆಲ್ಸದಲ್ಲಿ ಹುರುಳಿದೆ ಅಂತ ಅವರು ಹೇಳಿದ್ರೆ ರೂಮು ನಿಮ್ದು. ಇಲ್ಲ ಅಂದ್ರೆ ಅವತ್ತೇ ಹುಳ ಆಚೆಗೆ, ನೆಟ್ಟು ಒಳಗೆ!" ಅಂತ ಕೀ ಗೊಂಚಲನ್ನ ಮೇಡಮ್ಮೋರ ಮುಖದ ಮುಂದೆ ಆಡ್ಸಿ ಹೋಗಿದ್ರು. ಬೇರೆ ರೂಮಿಲ್ಲ. ರೂಮು ಹೋದ್ರೆ ಹುಳ ಹೋಯ್ತು, ಹುಳ ಹೋದ್ರೆ ಮೇಡಮ್ಮೋರ ಅಷ್ಟು ವರ್ಷದ ಯೋಚ್ನೆ ಗೋತಾ.

ಇಷ್ಟು ಗೊತ್ತಿರ್ಲಿ. ಈಗ ಕೇಳಿ.

ಒಳಗೆ ಮಳೆ

ರೇಷ್ಮೆ ಹುಳ ದೊಡ್ಡದಾದ್ಮೇಲೆ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ಎಲ್ಲಾ ತಟ್ಟೆಗೂ ಒಟ್ಟಿಗೇ ಸೊಪ್ಪು ಹಾಕಿದ್ರೆ ಸರ್ರ್ ಸರ್ರ್ ಅಂತ ಥೇಟ್ ಹೆಂಚಿನ ಮೇಲೆ ಮಳೆ ಬಿದ್ದಂಗೇ. ನಮ್ಮ ರೂಮಿಗೂ ಪ್ರಿನ್ಸಿಪಾಲ್ರ ರೂಮಿಗೂ ಒಂದೇ ಗೋಡೆ, ಮೇಲೆ ಒಂದು ಗಾಳಿ ಕಿಂಡಿ.

ಅವತ್ತು ಬೇಸಿಗೆ ಮಧ್ಯಾಹ್ನ. ಬೆಟ್ಟದ ಬಂಡೆ ಕಾದು, ಅದ್ರ ಝಳ ಕಾಲೇಜಿನ ಒಳಗೂ ಹೊಡೀತಿತ್ತು. ಕೊರಟಗೆರೆ ಕಡೆಯಿಂದ ತಾಜಾ ಸೊಪ್ಪಿನ ಹೊರೆ ಬಂದಿತ್ತು, ಆಯಮ್ಮ ಎಲ್ಲಾ ತಟ್ಟೆಗೂ ಕೈ ತುಂಬ ಹಾಕಿದ್ರು. ಹುಳ ಶುರು ಹಚ್ಕಂಡ್ವು.

ಪಕ್ಕದ ರೂಮಲ್ಲಿ ಊಟ ಮಾಡಿ ಕಣ್ಣು ಮುಚ್ಚಿದ್ದ ಪ್ರಿನ್ಸಿಪಾಲ್ರು ದಡಕ್ಕಂತ ಎದ್ದಿದ್ದು ನಮಗೆ ಕೇಳಿಸ್ತು. "ಮಳೆ! ಅಯ್ಯೋ ಮಳೆ! ಸಂಡಿಗೆ!" ಅಂತ ಕೂಗಿಕೊಂಡು ಹೊರಗೋಡಿದ್ರು. ಅವರ ಹೆಂಡ್ತಿ ಕ್ವಾರ್ಟರ್ಸ್ ಮಾಳಿಗೆ ಮೇಲೆ ವರ್ಷಕ್ಕಾಗೋವಷ್ಟು ಸಂಡಿಗೆ ಒಣಗಕ್ಕೆ ಹಾಕಿದ್ರಂತೆ. ಎದುರಿಗೆ ಪಿಯುಸಿ ಕ್ಲಾಸು ನಡೀತಿತ್ತು. "ಎಲ್ಲಾ ಓಡ್ರೋ! ಮಾಳಿಗೆ ಹತ್ರೋ!" ಅಂದ್ರು. ಕ್ಲಾಸಿಂದ ಹೊರಗೆ ಓಡು ಅಂದ್ರೆ ಯಾವ ಹುಡುಗ ಕಾರಣ ಕೇಳ್ತಾನೆ ಹೇಳಿ? ಇಡೀ ಕ್ಲಾಸು ಏಣಿ ಹತ್ತಿ, ಅರೆಬರೆ ಒಣಗಿದ ಸಂಡಿಗೇನ ಬಾಚಿ, ಉಂಡೆ ಮಾಡಿ, ಅರ್ಧ ಬಾಯಿಗೆ ಅರ್ಧ ಪಾತ್ರೆಗೆ ತುಂಬಿಸಿ ತಂದುಬುಟ್ರು. ಪ್ರಿನ್ಸಿಪಾಲ್ರ ಹೆಂಡ್ತಿ ಆಚೆ ಬಂದು ನೋಡ್ತಾರೆ, ಬೆಂಕಿ ಬಿಸ್ಲು! ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ!

ಗಂಡ ಹೆಂಡ್ತಿ ಏನು ಮಾತಾಡ್ಕಂಡ್ರೋ ಗೊತ್ತಿಲ್ಲ. ಪ್ರಿನ್ಸಿಪಾಲ್ರು ವಾಪಸ್ ಬರುವಾಗ ಮುಖ ಹುರಿದ ಮೆಣಸಿನಕಾಯಿ ಆಗಿತ್ತು. ಸದ್ದಿನ ಜಾಡು ಹಿಡ್ಕಂಡು ನೆಟ್ಟಗೆ ನಮ್ಮ ರೂಮಿಗೇ ಬಂದ್ರು. "ಹೊರಗೆ ನೋಡಿದ್ರೆ ಸುಡೋ ಬಿಸ್ಲು, ಒಳಗೆ ನೋಡಿದ್ರೆ ಜಡಿಮಳೆ! ಇದು ಯಾವ ಸೀಮೆ ಡಿಪಾರ್ಟ್‌ಮೆಂಟ್ರೀ!" ಅಂತ ಅರಚಿದ್ರು.

ಆಯಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ತುಟಿ ಮೇಲೆ ಬೆರಳಿಟ್ರು. "ಶ್! ಕೂಸುಗೋಳು ಉಣ್ತಾ ಅವೆ ಸ್ವಾಮಿ. ಉಣ್ಣೋವಾಗ ಎದ್ರುಸ್‌ಬಾರ್ದು. ಬೈಯಾದಿದ್ರೆ ಆಮೇಲೆ ಬನ್ನಿ."

ಶಿರಾ ಬಸ್ಸಿನ ಪಾಠ

ಹುಳದ ಎದೆ ಸುತ್ತ ಒಂದು ದಾರ ಕಟ್ಟೋದು ಅಂತ ಮೇಡಮ್ಮು ಲೆಕ್ಕ ಹಾಕಿದ್ರು. ಕಟ್ಟುವಾಗ ಸಡ್ಲ ಇರ್ಬೇಕು. ಹುಳ ದಪ್ಪ ಆಗ್ತಾ ಆಗ್ತಾ ತಾನೇ ಬಿಗಿಯಾಗುತ್ತೆ, ಒಳಗಿರೋ ರೆಕ್ಕೆ ಮೊಗ್ಗನ್ನ ಒತ್ತುತ್ತೆ. ಅದಕ್ಕೆ ಸಣ್ಣ ಬಿಳಿ ನೂಲು ಬೇಕು, ಶಿರಾದಲ್ಲಿ ಒಂದು ಅಂಗಡೀಲಿ ಸಿಗುತ್ತೆ ಅಂತ ಇಬ್ರೂ ಹೊರಟ್ವಿ.

ಅವತ್ತು ಸಂತೆ ದಿನ. ಬಸ್ಸು ಬಂದಾಗ್ಲೇ ತುಂಬಿ ಒಂದು ಕಡೆಗೆ ವಾಲ್ಕಂಡಿತ್ತು. ಹೆಂಗೋ ನುಗ್ಗಿದ್ವಿ. ನನ್ನ ಮುಖದ ಮುಂದೆ ಯಾರದೋ ಕೋಳಿ, ಬೆನ್ನಿಗೆ ಯಾರದೋ ಹಲಸಿನಹಣ್ಣು. ಕಂಡಕ್ಟ್ರು "ಒಳ್ಗೆ ನಡೀರಿ, ಒಳ್ಗೆ ನಡೀರಿ, ಇನ್ನೂ ಬೇಕಾದಷ್ಟು ಜಾಗೈತೆ" ಅಂತ ಸುಳ್ಳು ಹೇಳ್ತಾ ತಳ್ತಿದ್ದ. ನಂಗೆ ಉಸಿರು ಕಟ್ಟಿ ಅಳು ಬರೋದೊಂದು ಬಾಕಿ, ಆಗ ಮೇಡಮ್ಮು ಬಸ್ಸಿಗೆಲ್ಲ ಕೇಳೋಹಂಗೆ ಕೂಗಿದ್ರು: "ಲೇ ಹುಡುಗೀ! ನೋಡೇ! ಇದೇ ಕಣೇ!"

ನಾನು ಜೇಬುಗಳ್ಳ ಸಿಕ್ಕ ಅನ್ಕಂಡೆ. ಬಸ್ಸಿನೋರೆಲ್ಲ ಜೇಬು ಮುಟ್ಟಿ ನೋಡ್ಕಂಡ್ರು.

"ನಾವೆಲ್ಲ ಕೋಶ ಕಣೇ! ಈ ಬಸ್ಸು ರೆಕ್ಕೆ! ಮಧ್ಯದಲ್ಲಿರೋ ಈ ಅಜ್ಜನ್ನ ನೋಡು, ನಾಕೂ ಕಡೆ ಒತ್ತು. ಇವರು ಬೆಳೆಯಲ್ಲ, ಇವರದು ಮುಗೀತು!"

ಮಧ್ಯದಲ್ಲಿದ್ದ ಅಜ್ಜ ಹೌಹಾರಿ, "ನಂದ್ಯಾಕವ್ವ ಮುಗೀತದೆ? ನನ್ ಮಗಳ ಮನೆಗೆ ಓಗ್ತಿವ್ನಿ ನಾನು" ಅಂದ.

ಮೇಡಮ್ಮೋರಿಗೆ ಅದೆಲ್ಲ ಕಿವಿಗೇ ಬೀಳ್ಲಿಲ್ಲ. ಬಾಗಿಲ ಕಡೆ ಬೆರಳು ಮಾಡಿದ್ರು. ಅಲ್ಲೊಬ್ರು ಶಿರಾದ ಸಾಹೇಬ್ರು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳೀಲಿ, ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಟೋಪಿ. "ಅವರನ್ನ ನೋಡು! ಅಂಚಿನ ಕೋಶ! ಎಷ್ಟು ಎಳೆತ ಇದೆ ನೋಡು! ಈಗ ನೋಡ್ತಿರು, ಅವರು ಒಡೆದು ಎರಡಾಗ್ತಾರೆ!"

ಸಾಹೇಬ್ರ ಮುಖ ಸುಣ್ಣ ಬಳ್ದಂಗಾಯ್ತು. "ಅರೇ ಯಾ ಅಲ್ಲಾ! ನಾನು ಏನು ತಪ್ಪು ಮಾಡ್ದೆ ಬೆಹನ್? ಯಾಕೆ ಹಿಂಗೆ ಶಾಪ ಹಾಕ್ತೀರಿ?"

ಕಂಡಕ್ಟ್ರು ಒಂದು ಗಳಿಗೆ ಯೋಚ್ನೆ ಮಾಡ್ದ. ಆಮೇಲೆ ಟಿಕೆಟ್ ಕಟ್ಟಿಗೆ ಕೈ ಹಾಕಿ ಹೇಳ್ದ: "ನೋಡಿ ಸಾಬ್ರೇ, ಒಡ್ಕಳ್ಳಾದು ನಿಮ್ಮಿಷ್ಟ. ಎರಡಾದ್ರೆ ಮಾತ್ರ ಎರಡು ಟಿಕೆಟ್ಟು."

ಸೆರಗಿಂದ ಬಿದ್ದದ್ದು

ನೂಲು ಬಂತು, ನಾನು ಹುಳಕ್ಕೆ ದಾರ ಕಟ್ಟೋದು ಕಲಿಯಕ್ಕೆ ಕೂತೆ. ಹೂವಿನ ದಂಡೆ ಕಟ್ಟಿದಷ್ಟು ಸುಲಭ ಅಲ್ಲ ಕಣ್ರೀ ಅದು, ಅದು ನುಲೀತದೆ, ತಲೆ ಎತ್ತಿ ನಮ್ಮನ್ನೇ ನೋಡ್ತದೆ. ಮೈಮರೆತು ಕಟ್ತಾ ಕೂತಿದ್ದೆ, ಮನೆಯಿಂದ ಅಪ್ಪ ಸೈಕಲ್ ತುಳ್ಕಂಡು ಬಂದ್ರು. "ಗಂಡಿನ ಕಡೆಯೋರು ಶಿರಾದಿಂದ ಬಂದು ಕೂತವ್ರೆ, ನೀನಿಲ್ಲಿ ಹುಳ ಆಡುಸ್ತಾ ಕೂತಿದ್ದೀಯಾ!"

ಓಡಿದೆ. ಅಮ್ಮ ಹಿಂಬಾಗಿಲಿಂದ ಎಳ್ಕಂಡು ರೇಷ್ಮೆ ಸೀರೆ ಸುತ್ತಿ, ಜಡೆಗೆ ಮಲ್ಲಿಗೆ ಸಿಕ್ಕಿಸಿ, ಕೈಗೆ ಕಾಫಿ ತಟ್ಟೆ ಕೊಟ್ಟು ನಡುಮನೆಗೆ ನೂಕಿದ್ರು. ಹುಡುಗ ಬೆಲ್‌ಬಾಟಮ್ಮು, ಉದ್ದ ಕಾಲರ್ರು, ನೆಲ ನೋಡ್ತಾ ಕೂತಿದ್ದ. ಅವರಮ್ಮ ಮಾತ್ರ ನನ್ನನ್ನ ಮುಡಿಯಿಂದ ಅಡಿತನಕ ಸಂತೇಲಿ ಎಮ್ಮೆ ನೋಡ್ದಂಗೆ ನೋಡ್ತಿದ್ರು. ಅವ್ರ ಮುಂದೆ ಉಪ್ಪಿಟ್ಟಿನ ತಟ್ಟೆ ಇತ್ತು. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಪೊತ್ತಂತ ಏನೋ ಬಿತ್ತು.

ಉಪ್ಪಿಟ್ಟಿನ ಮೇಲೆ, ಕಿರುಬೆರಳಿನಷ್ಟು ದಪ್ಪ, ಬಿಳೀದು, ಎದೆ ಸುತ್ತ ಬಿಳಿ ದಾರ, ಮೇಲೊಂದು ಗಂಟು. ನನ್ನ ಜಡೆ ಹಿಡ್ಕಂಡು ಬಂದಿದ್ದು ಸೆರಗಿಂದ ಜಾರಿತ್ತು. ಅದು ಒಂದು ಸಲ ತಲೆ ಎತ್ತಿ ಗಂಡಿನ ಅಮ್ಮನ್ನ ನೋಡ್ತು.

"ಅಯ್ಯಯ್ಯೋ! ದಾರ ಕಟ್ಟೈತೆ! ಗಂಟಾಕೈತೆ! ಮಾಟ! ಮಾಟ ಮಾಡ್ಸವ್ರೆ ಕಣೋ!" ಅಂತ ಆ ಗಂಡಿನಮ್ಮ ಚೀರಿ ಚಾಪೆಯಿಂದ ಹಾರಿ ಗೋಡೆಗೆ ಅಂಟ್ಕಂಡ್ರು. ನಮ್ಮಮ್ಮ ತಲೆ ಮೇಲೆ ಕೈ ಹೊತ್ಕಂಡ್ರು. ನಾನೇ ಎಲ್ಲಾ ಸರಿ ಮಾಡ್ತೀನಿ ಅಂತ ಗಡಿಬಿಡೀಲಿ ಬಾಯಿ ಬಿಟ್ಟೆ.

"ಇಲ್ಲ ಅತ್ತೆ, ಇಲ್ಲ! ಮಾಟ ಅಲ್ಲ! ಅದು ನಾನೇ ಕಟ್ಟಿದ್ದು! ಅದ್ರ ರೆಕ್ಕೆ ಬೆಳೀಬಾರ್ದು ಅಂತ!"

ಅಷ್ಟೇ. ಗಂಡಿನಮ್ಮ ಮಗನ್ನ ನೋಡಿದ್ರು, ನನ್ನ ನೋಡಿದ್ರು, ಚಪ್ಪಲಿ ಕೈಲಿ ಹಿಡ್ಕಂಡು ಹೊರಟೇಬುಟ್ರು. ಹಿಂದೇನೇ ಮಿಕ್ಕೋರು. ಹುಡುಗ ಎಲ್ರಿಗಿಂತ ಹಿಂದೆ. ಹೊಸ್ತಿಲ ಹತ್ರ ನಿಂತು, ಅಮ್ಮ ದೂರ ಹೋದ್ರಾ ಅಂತ ಇಣುಕಿ ನೋಡಿ, ಮೊದಲ್ನೇ ಸಲ ತಲೆ ಎತ್ತಿ ನನ್ನನ್ನ ಕೇಳ್ದ:

"ರೀ... ಅದು ದೊಡ್ಡೋರ್‌ಗೂ ಕೆಲ್ಸ ಮಾಡ್ತದಾ? ನಮ್ಮಮ್ಮಂಗೆ ಒಂದು ಕಟ್ಕೊಡ್ತೀರಾ?"

ಪಾವಗಡದಲ್ಲಿ ಢಂ

ಪ್ರೊಫೆಸರ್ರು ಬರೋ ಕಾಲ ಹತ್ರ ಬಂತು. ಮೇಡಮ್ಮು ಅಸಲು ಪ್ರಯೋಗ ಶುರು ಮಾಡಿದ್ರು. ಎಡಗಡೆ ತಟ್ಟೆ ಹುಳಕ್ಕೆಲ್ಲ ಬಿಳಿ ದಾರ. ಬಲಗಡೆ ತಟ್ಟೆ ಹುಳಕ್ಕೆ ಏನೂ ಇಲ್ಲ. ಕೊನೇಲಿ ಎರಡರ ರೆಕ್ಕೇನೂ ಪಕ್ಕಪಕ್ಕ ಇಟ್ಟು ನೋಡೋದು.

ಆಯಮ್ಮ ಬಂದು ನೋಡಿದ್ರು, ಮುಖ ಅರಳ್ತು. "ಉಡದಾರಾನೇನ್ರವ್ವ?"

ನಮ್ಮ ಕಡೆ ಕೂಸು ಹುಟ್ಟಿದ್ರೆ ಸೊಂಟಕ್ಕೆ ಕರೀ ದಾರ ಕಟ್ತಾರಲ್ಲ, ಅದೇ. ಮೇಡಮ್ಮು ತಲೆ ಎತ್ತಕ್ಕೂ ಆಗದಷ್ಟು ಕೆಲ್ಸದಲ್ಲಿದ್ರು. "ಹ್ಞೂ, ಹಂಗೇ ಅನ್ಕೋ ಆಯಮ್ಮ" ಅಂದ್ಬುಟ್ರು.

"ಮತ್ತೆ ಈ ಬಲಗಡೆ ಕೂಸುಗೋಳಿಗೆ?"

"ಇವಕ್ಕೆ ಬೇಡ."

"ಬ್ಯಾಡ್ವಾ?" ಅಂತ ಆಯಮ್ಮ ಬಲಗಡೆ ತಟ್ಟೇನ ತಬ್ಬಲಿ ಮಕ್ಕಳನ್ನ ನೋಡ್ದಂಗೆ ನೋಡಿದ್ರು. ಇದನ್ನ ನೆನಪಿಟ್ಕಳಿ.

ಅಷ್ಟ್ರಲ್ಲಿ ಪಾವಗಡದ ಒಂದು ಸ್ಕೂಲಿಂದ ಹೇಳಿ ಕಳಿಸಿದ್ರು, ಬಂದು ಮಕ್ಕಳಿಗೆ ಹುಳದ ಬಗ್ಗೆ ಮಾತಾಡಿ ಅಂತ. ಬೆಳಿಗ್ಗೆ ಹೋಗಿ ಸಂಜೆ ಬರೋದು, ಅಷ್ಟೊತ್ತು ಆಯಮ್ಮ ನೋಡ್ಕತಾರೆ ಅಂತ ಹೊರಟ್ವಿ.

ಮೇಡಮ್ಮು ಒಂದು ಚೀಲದ ತುಂಬ ಬಲೂನು, ಒಂದು ಸೊಳ್ಳೆ ಪರದೆ ತಂದಿದ್ರು. ಸ್ಕೂಲಿನ ಅಂಗಳದಲ್ಲಿ ಬಲೂನೆಲ್ಲ ಊದಿಸಿ, ಪರದೆಯೊಳಗೆ ತುಂಬಿಸಿ, ಎರಡೂ ಕಡೆ ಇಬ್ರು ಮೇಷ್ಟ್ರನ್ನ ನಿಲ್ಲಿಸಿ ಬಟ್ಟೆ ಹಿಂಡ್ದಂಗೆ ಹಿಂಡ್ಸಿದ್ರು. "ನೋಡ್ರಪ್ಪಾ ಮಕ್ಳೇ, ಇವು ಕೋಶ. ಗುಂಡಗಿದ್ವು, ಒತ್ತಿದಂಗೆ ಜೇನುಗೂಡಿನ ಮನೆ ತರ ಮೂಲೆ ಮೂಲೆ ಬಂದ್ವು. ಇದು ರೆಕ್ಕೆ!" ಮಕ್ಕಳು ಬಾಯಿ ಬಿಟ್ಕಂಡು ನೋಡ್ತಿದ್ವು. ಹೆಡ್‌ಮೇಷ್ಟ್ರು ಕುರ್ಚಿ ಹಾಕ್ಕಂಡು ಪಕ್ಕದಲ್ಲೇ ಕೂತು ತಲೆ ಆಡುಸ್ತಿದ್ರು.

ಪಾವಗಡದ ಬಿಸ್ಲು ನಿಮಗೆ ಗೊತ್ತೇ ಐತೆ. ಒಂದು ಬಲೂನು ಢಂ. ಪಕ್ಕದ್ದು ಢಂ. ಆಮೇಲೆ ಢಂಢಂಢಂಢಂ! "ಬಂಡೆ ಸಿಡಿಸ್ತಾವ್ರೆ! ಮಲಗ್ರೋ!" ಅಂತ ಹೆಡ್‌ಮೇಷ್ಟ್ರು ಕುರ್ಚಿ ಕೆಳಗೆ ತೂರಿದ್ರು. ಹಿಂಡ್ತಿದ್ದ ಮೇಷ್ಟ್ರಲ್ಲಿ ಒಬ್ರು ನೆಲಕ್ಕೆ, ಇನ್ನೊಬ್ರು ಬೇಲಿಯಾಚೆಗೆ. ಮಕ್ಕಳು ಆ ಕಡೆ ಆಂಧ್ರಕ್ಕೇ ಓಡ್ಬುಡ್ತವೇನೋ ಅನ್ನೋಹಂಗೆ ಓಡಿದ್ವು. ನಾನು ಕಿವಿ ಮುಚ್ಕಂಡು ಕಣ್ಣು ಬಿಟ್ಟಾಗ ಅಂಗಳದಲ್ಲಿ ಉಳಿದಿದ್ದು ಮೇಡಮ್ಮು, ಹರ್ಕಲು ಪರದೆ, ಆಮೇಲೆ ಸ್ಕೂಲಿನ ಜವಾನ. ಅವನು ಒಂದು ಬಲೂನಿನ ಚಿಂದಿ ಎತ್ಕಂಡು ತುಂಬಾ ದುಃಖದಲ್ಲಿ ತೆಲುಗು ಬೆರೆಸಿ ಹೇಳ್ದ:

"ಅಯ್ಯೋ ಅಮ್ಮಾ, ಮೀ ಕೋಶಾಲನ್ನೀ ಪಗಿಲಿಪೋಯಿನಾಯಿ ಕದಮ್ಮಾ, ಎಲ್ಲಾ ಒಡ್ದೋದ್ವಲ್ಲ! ಇನ್ನ ನಿಮ್ ಹುಳ ಹಾರೋದು ಎಂಗೆ?"

ಸಂಜೆ ಬಸ್ಸು ಹತ್ತಿದ್ವಿ, ಊರು ದಾಟೋ ಮೊದ್ಲೇ ಅದೂ ಕೆಟ್ಟು ನಿಂತ್ಕಂಡ್ತು. ಅದಕ್ಕೆ ಬೇಕಾದ ಸಾಮಾನು ತುಮಕೂರಿಂದ ಬರ್ಬೇಕಂತೆ. ಬೇರೆ ಬಸ್ಸು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಹೆಡ್‌ಮೇಷ್ಟ್ರ ಮನೇಲೇ ಉಳ್ಕಂಡ್ವಿ. ನಾವು ಮಧುಗಿರಿಗೆ ಬಂದು ಸೇರೋ ಹೊತ್ತಿಗೆ ಹುಳ ಎಲ್ಲಾ ತಿನ್ನೋದು ಬಿಟ್ಟು ಹಣ್ಣಾಗಿ, ಆಯಮ್ಮ ಅವನ್ನ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ಬಿದಿರಿನ ತಟ್ಟೆಗೆ ಬಿಟ್ಟು, ಅವು ಸುತ್ತ ರೇಷ್ಮೆ ಎಳೆದು ಒಳಗೆ ಮಾಯ ಆಗಿದ್ವು.

"ಎಡಗಡೆದು ಎಡಗಡೆಗೇ, ಬಲಗಡೆದು ಬಲಗಡೆಗೇ ಬಿಟ್ಟಿದ್ದೀಯಾ ಆಯಮ್ಮ?" ಅಂತ ಮೇಡಮ್ಮು ಕೇಳಿದ್ರು.

"ಊಂ ಕಣ್ರವ್ವ. ಒಂದೂ ಬೆರಸಿಲ್ಲ. ಎಲ್ಲಾನೂ ನನ್ ಮೊಮ್ಮಕ್ಳಂಗೇ ನೋಡ್ಕಂಡಿವ್ನಿ."

ಅವರು ಅಕ್ಷರಶಃ ನಿಜವನ್ನೇ ಹೇಳಿದ್ರು, ನಮಗೆ ಅರ್ಥ ಆಗ್ಲಿಲ್ಲ.

ಬರೀ ಮೈಯ ಕೂಸುಗೋಳು

ಗೂಡಿಂದ ಚಿಟ್ಟೆ ಹೊರಗೆ ಬರೋ ಬೆಳಿಗ್ಗೇನೇ ಪ್ರೊಫೆಸರ್ರು ಬಂದ್ರು. ಸಣ್ಣ ಆಳು, ದಪ್ಪ ಕನ್ನಡಕ, ಕೋಟಿನ ಜೇಬಲ್ಲಿ ಭೂತಗನ್ನಡಿ. ಮಾತೇ ಇಲ್ಲ. ಹಿಂದೆ ಕಿರ್ರ್ ಕಿರ್ರ್ ಅಂತ ಪ್ರಿನ್ಸಿಪಾಲ್ರು, ಕೈಲಿ ಕೀ ಗೊಂಚಲು. ಬಾಗಿಲಾಚೆ ಇಬ್ರು ಹುಡುಗ್ರನ್ನ ವಾಲಿಬಾಲ್ ನೆಟ್ಟು ಹೊರಿಸಿ ಆಗ್ಲೇ ನಿಲ್ಲಿಸಿದ್ರು ಪುಣ್ಯಾತ್ಮರು!

ಮೇಡಮ್ಮು ವಿವರ ಹೇಳಿದ್ರು. ಎಡಗಡೆದು ದಾರ ಕಟ್ಟಿದ್ದು, ರೆಕ್ಕೆ ಚಿಕ್ಕದಿರ್ಬೇಕು. ಬಲಗಡೆದು ಕಟ್ಟದೆ ಇದ್ದದ್ದು, ರೆಕ್ಕೆ ಪೂರ್ತಿ ಇರ್ಬೇಕು. ಪ್ರೊಫೆಸರ್ರು ಭೂತಗನ್ನಡಿ ಹಿಡಿದು ನೋಡಿದ್ರೆ ಎರಡೂ ಕಡೆ ರೆಕ್ಕೆ ಚಿಕ್ಕದು, ಬಲಗಡೆ ಗೂಡೊಳಗೂ ಕರೀ ದಾರ; "ಕೂಸುಗೋಳ್ನ ಬರೀ ಮೈಲಿ ಬಿಡಕ್ಕಾಯ್ತದಾ ಸ್ವಾಮಿ, ನಾನೇ ಉಡದಾರ ಕಟ್ದೆ" ಅಂತ ಆಯಮ್ಮ ಅಂದದ್ದೇ ತಡ, ಪ್ರೊಫೆಸರ್ರು ಮೊದಲ್ನೇ ಸಲ ಬಾಯಿ ಬಿಟ್ರು: "ಯಾರು ಕಟ್ಟಿದ್ರೂ ರೆಕ್ಕೆ ಚಿಕ್ಕದೇ ಆಗಿದೆ, ಇದ್ರಲ್ಲಿ ಹುರುಳಿದೆ, ರೂಮು ಇವರ್ದೇ."